ಚಾಂದಬೀಯ ಬುಗ್ಗೆಗೆ ಹಾಕಿದ ಉಪ್ಪು

ಹೋದ ತಿಂಗಳು ಹೆಂಡತಿಯ ಬೆಂಡೋಲೆಯ ತಿರುಪು ಮುರಿಯಿತೆಂದು ಆಳಂದದ ಸರಾಫ ಗಲ್ಲಿಗೆ ಹೋಗಿದ್ದೆ. ಅಕ್ಕಸಾಲಿ ಕೆಲಸದ ನಡುವೆ ಒಂದು ಸಣ್ಣ ಗಾಜಿನ ಬಾಟಲಿಯ ಬಿರಡೆ ತೆಗೆದ. ಚಿನ್ನ ತೊಳೆಯುವ ತೇಜಾಬಿನ ವಾಸನೆ ಮೂಗಿಗೆ ಚುಚ್ಚಿತು. ನಾನು ಎದ್ದು ಹೊರಗೆ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಮುದುಕನಿಗೆ ಚಕ್ಕರು ಬಂತೆಂದುಕೊಂಡು ಅವನು ತಂಬಿಗೆಯಲ್ಲಿ ನೀರು ತಂದುಕೊಟ್ಟ. ನನಗೆ ಚಕ್ಕರು ಬಂದಿರಲಿಲ್ಲ. ಆ ವಾಸನೆಯನ್ನು ಒಂದು ಚಳಿಗಾಲವಿಡೀ ನನ್ನ ಅಂಗಿಯ ತೋಳಿನಲ್ಲಿ ಹೊತ್ತು ತಿರುಗಿದ್ದೆ. ಆ ವರ್ಷದ ಸಂಗತಿಯನ್ನು ಇಬ್ಬರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಭೀಮಾ ನದಿಯ ನೀರಿನ ಮಟ್ಟ ನೋಡಿ ಬರೆಯುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದೆ. ಮಣ್ಣೂರಿನ ಕಡೆ ದಂಡೆಯಲ್ಲಿ ಅಡಿ-ಅಂಗುಲದ ಗುರುತು ಹಾಕಿದ ಕಲ್ಲುಕಂಬಗಳಿದ್ದವು. ಬೆಳಿಗ್ಗೆ ಎಂಟಕ್ಕೆ ಹೋಗಿ, ನೀರು ಯಾವ ಗೆರೆಗೆ ಮುಟ್ಟಿದೆ ನೋಡಿ, ಪುಸ್ತಕದಲ್ಲಿ ಬರೆಯುವುದು. ಸೊನ್ನದಲ್ಲಿ ಬ್ಯಾರೇಜು ಆದ ಮೇಲೆ ನದಿಯ ಚಾಳಿಯೇ ಬದಲಾಯಿತು, ಆದರೂ ನನ್ನ ಪುಸ್ತಕ ತಪ್ಪಲಿಲ್ಲ. ಮಹಾಪೂರ ಬಂದ ವರ್ಷ ಮೇಲಿನವರು, ಅಂದಾಜಿನಲ್ಲಿ ಬರೆದುಬಿಡು ಮಾರಾಯಾ, ಜೀವ ಮುಖ್ಯ ಅಂದಿದ್ದರು. ನಾನು ಸೊಂಟದವರೆಗೆ ನೀರಿನಲ್ಲಿಳಿದು ಗೆರೆ ನೋಡಿ ಬಂದೆ. ಬಸಣ್ಣ ಬರೆದ ಅಂಕಿ ಅಂದರೆ ಕಲ್ಲಿನ ಮೇಲೆ ಬರೆದ ಹಾಗೆ ಎಂದು ಆಫೀಸಿನಲ್ಲಿ ಅನ್ನುತ್ತಿದ್ದರು. ಆ ಮಾತು ನನಗೆ ಬಹಳ ಹಿಡಿಸಿತ್ತು.

ನಿವೃತ್ತಿಯಾದ ವರ್ಷವೇ, ದೀಪಾವಳಿ ಕಳೆದ ಮೇಲೆ, ಅಫಜಲಪುರದ ಮೌಲಾ ತನ್ನ ಜೀಪು ತಂದು ಮನೆಮುಂದೆ ನಿಲ್ಲಿಸಿದ. ಒಬ್ಬ ಮೇಡಂ ಬಂದಿದ್ದಾರೆ, ಮೂರು ತಾಲೂಕಿನ ಬಾವಿ-ಹಳ್ಳ-ಬುಗ್ಗೆಗಳ ನೀರು ಬಾಟಲಿಗೆ ತುಂಬಬೇಕಂತೆ, ನೀರಿನ ಗುರುತಿರುವ ಒಬ್ಬ ಹಿರಿಯ ಮನುಷ್ಯ ಬೇಕಂತೆ ಎಂದ. ಮೇಡಂ ಹೆಸರು ನಂದಿನಿ. ಮೈಸೂರು ಕಡೆಯವರು, ಮೂವತ್ತೂ ಆಗಿರಲಿಲ್ಲ. ಯಾವುದೋ ಸಂಶೋಧನಾ ಸಂಸ್ಥೆಯ ಕೆಲಸ. ಮೊದಲ ದಿನವೇ ನನ್ನನ್ನು ಕಾಕಾ ಅಂದರು.

ನೆಲದ ಆಳದಲ್ಲಿ ಎಲ್ಲಾದರೂ ಶಾಖ ಅಡಗಿದ್ದರೆ ಅದರಿಂದ ಕರೆಂಟು ತೆಗೆಯಬಹುದಂತೆ. ಹಾಗೆಂದು ಕಂಡಕಂಡಲ್ಲಿ ಕೊರೆಯಲು ಆಗುವುದಿಲ್ಲ. ಅದಕ್ಕೆ ಮೊದಲು ಮೇಲೆ ಸಿಗುವ ನೀರನ್ನೇ ಕೇಳಬೇಕು. ಮಳೆಯ ನೀರು ಆಳಕ್ಕಿಳಿದು, ಬಿಸಿಗಲ್ಲಿಗೆ ತಾಗಿ, ಮತ್ತೆ ಮೇಲೆ ಬಂದರೆ ಬರುವಾಗ ಆ ಕಲ್ಲಿನ ಅಂಶಗಳನ್ನು ಹೊತ್ತು ತರುತ್ತದೆ. ಮೇಲೆ ಬರುವಷ್ಟರಲ್ಲಿ ನೀರು ತಣ್ಣಗಾಗಿರಬಹುದು, ಆದರೆ ಹೊತ್ತು ತಂದದ್ದು ಅದರಲ್ಲಿ ಉಳಿದಿರುತ್ತದೆ. ಮೇಡಂ ಇದನ್ನು ಹೇಳಿದಾಗ ನನಗೆ ಕೂಡಲೇ ತಿಳಿಯಿತು. ಹೊರಗಿನಿಂದ ಬಂದವನ ಕಾಲು ನೋಡಿದರೆ ಅವನು ಕರಿ ಎರೆಹೊಲ ತುಳಿದು ಬಂದನೋ ಕೆಂಪು ಮಸಾರಿ ತುಳಿದು ಬಂದನೋ ಗೊತ್ತಾಗುವುದಿಲ್ಲವೇ, ಹಾಗೆ.

ಆ ಚಳಿಗಾಲ ನನ್ನ ಬದುಕಿನ ಒಳ್ಳೆಯ ಕಾಲ ಎಂದು ಹೇಳಲು ಈಗ ನಾಲಿಗೆ ಹಿಂಜರಿಯುತ್ತದೆ. ಆದರೆ ಆಗ ಹಾಗೆಯೇ ಇತ್ತು. ಹೊಲದಲ್ಲಿ ತೊಗರಿ ಕೊಯ್ಲು ನಡೆದಿತ್ತು, ಬಿಳಿಜೋಳ ಎದೆಮಟ್ಟ ನಿಂತಿತ್ತು. ಬೆಳಿಗ್ಗೆ ಜೀಪಿನ ಗಾಜಿಗೆ ಇಬ್ಬನಿ, ಮಧ್ಯಾಹ್ನಕ್ಕೆ ಮುಖಕ್ಕೆ ಧೂಳು. ಜಿಡಗಾದ ಕಡೆ ಮೆಟ್ಟಿಲುಬಾವಿಗಳಿಂದ ಶುರುಮಾಡಿ ಆಳಂದ ಮುಗಿಸಿ, ಭೀಮೆಯ ದಂಡೆಗುಂಟ ಅಫಜಲಪುರದ ಹಳ್ಳಿಗಳನ್ನು ಹಿಡಿದು ಜೇವರ್ಗಿಯ ಕಡೆ ಇಳಿದೆವು. ಪ್ರತಿ ಕಡೆಯೂ ಒಂದೇ ಕ್ರಮ. ಆ ನೀರಿನಿಂದಲೇ ಬಾಟಲಿಯನ್ನು ಮೂರು ಸಲ ತೊಳೆಯಬೇಕು. ಗಾಳಿಯ ಗುಳ್ಳೆ ಇಲ್ಲದಂತೆ ಕಂಠದವರೆಗೆ ತುಂಬಬೇಕು. ಇನ್ನೊಂದು ಸಣ್ಣ ಬಾಟಲಿಗೆ ಸೋಸಿದ ನೀರು ಹಾಕಿ, ಕೆಡದಂತೆ ಎರಡು ಹನಿ ತೇಜಾಬು ಬಿಡಬೇಕು. ಮೇಡಂ ಅದಕ್ಕೆ ಆಸಿಡ್ ಅನ್ನುತ್ತಿದ್ದರು. ನೀರು ಎಷ್ಟು ಬೆಚ್ಚಗಿದೆ ಎಂದು ನೋಡಬೇಕು. ಆಮೇಲೆ ಕೈಯಷ್ಟಗಲದ ಒಂದು ಮೀಟರು ಅದ್ದಬೇಕು. ನೀರಿನಲ್ಲಿ ಕರಗಿದ್ದು ಹೆಚ್ಚಿದ್ದಷ್ಟೂ ಅದರ ಅಂಕಿ ಏರುತ್ತಿತ್ತು. ಓದಿ ಹೇಳುವುದು ಮೇಡಂ, ಬರೆಯುವುದು ನಾನು. ಸ್ವಲ್ಪ ದಿನಕ್ಕೆ ಓದುವುದನ್ನೂ ನನಗೇ ಬಿಟ್ಟರು.

ಬಾವಿಕಟ್ಟೆಯ ಮೇಲೆ ಜನ ಸೇರಿ ಚೇಷ್ಟೆ ಮಾಡುತ್ತಿದ್ದರು. "ಏನ್ರೀ, ನಮ್ಮ ಬಾವಿ ರಕ್ತ ತಪಾಸಣಿ ಮಾಡಾಕತ್ತೀರೇನು? ಶುಗರ್ ಅದೇನು ನೋಡ್ರಿ ಮತ್ತ" ಎಂದು ಒಬ್ಬ ಮುದುಕ ಕೇಳಿದ್ದ. ಮೌಲಾ ಗಂಭೀರವಾಗಿ, ಬಾವಿಗೆ ಬಿ.ಪಿ. ಅದ ಕಾಕಾ, ಇನ್ನ ಮ್ಯಾಲ ಉಪ್ಪು ಕಮ್ಮಿ ಮಾಡ್ರಿ ಎಂದಿದ್ದ. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನೇ.

ಎಳ್ಳ ಅಮಾವಾಸ್ಯೆಯ ಮರುದಿನ ನಾವು ಚಾಂದಬೀಯ ಬುಗ್ಗೆಗೆ ಹೋದೆವು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಯಾರಾದರೂ ನೋಡಲು ಹೋಗಿ ಚಾಂದಬೀಯನ್ನು ಕಾಡಿಯಾರು. ಮೇಲೆ ಕರಿಕಲ್ಲಿನ ದಿನ್ನೆ, ಕೆಳಗೆ ಹಾಸುಗಲ್ಲಿನ ಪದರ. ಎರಡೂ ಕೂಡುವ ಸಂದಿನಿಂದ ಹೆಬ್ಬೆರಳು ದಪ್ಪ ನೀರು ವರ್ಷವಿಡೀ ಬಂದು ಕಲ್ಲಿನಲ್ಲಿ ಕಡೆದ ಒಂದು ದೋಣಿಗೆ ಬೀಳುತ್ತಿತ್ತು. ಊರವರು ಕುಡಿಯಲು ಕೊಡ ಹಿಡಿಯುತ್ತಿದ್ದದ್ದು ಮೇಲಿನ ಸಂದಿಗೆ. ದೋಣಿ ತುಂಬಿ ಹರಿದದ್ದು ಚಾಂದಬೀಯ ತುಂಡು ಹೊಲಕ್ಕೆ. ಅಲ್ಲಿ ಅವಳು ಪುದೀನ, ಕೊತ್ತಂಬರಿ, ಮೆಂತ್ಯ ಬೆಳೆದು ಅಫಜಲಪುರದ ಸಂತೆಗೆ ಒಯ್ಯುತ್ತಿದ್ದಳು. ಬೇಸಿಗೆ ಬಂತೆಂದರೆ ಸುತ್ತಲಿನ ಊರಿನ ಬೋರುಗಳು ಬತ್ತುತ್ತಿದ್ದವು. ಗಂಡ ಪುಣೆಯಲ್ಲಿ ಮನೆ ಕಟ್ಟುವ ಗೌಂಡಿ, ರಂಜಾನಿಗೆ ಬಂದು ಹೋಗುವವನು. ಹೀಗಾಗಿ ಮನೆ, ಮಗಳು, ಹೊಲ, ಬುಗ್ಗೆ ಎಲ್ಲ ಅವಳದೇ. ನಲವತ್ತೈದರ ಹೆಂಗಸು, ಬಾಯಿ ಚೂಪು.

ಆ ಬುಗ್ಗೆಗೆ ಒಂದು ರೂಢಿಯಿತ್ತು. ಮೈಮೇಲೆ ನರೂಲಿ ಎದ್ದವರು, ಅದೇ, ಚರ್ಮದ ಮೇಲೆ ಕಾಳಿನಂತೆ ಏಳುವ ಗಂಟು, ಅಮಾವಾಸ್ಯೆಯ ದಿನ ಅಲ್ಲಿಗೆ ಬರುತ್ತಿದ್ದರು. ಹಿಡಿ ಹರಳುಪ್ಪನ್ನು ಗಂಟಿನ ಮೇಲಿಂದ ಇಳಿಸಿ ದೋಣಿಗೆ ಹಾಕಿ, ಹಿಂದೆ ತಿರುಗಿ ನೋಡದೆ ಹೋಗಬೇಕು. ಉಪ್ಪು ಕರಗಿದಂತೆ ನರೂಲಿ ಕರಗುತ್ತದೆ. ಹಿಂದೂ ಮುಸ್ಲಿಮ್ ಅನ್ನದೆ ಎಲ್ಲರೂ ಹಾಕುತ್ತಿದ್ದರು. ನಾನು ಚಿಕ್ಕವನಿದ್ದಾಗ ಅವ್ವ ನನ್ನ ಮೊಣಕೈಯ ಗಂಟಿಗೆ ಇನ್ನೊಂದು ಊರಿನ ಹೊಂಡದಲ್ಲಿ ಹೀಗೆಯೇ ಹಾಕಿಸಿದ್ದಳು. ಎಳ್ಳ ಅಮಾವಾಸ್ಯೆಯೆಂದರೆ ಕೇಳಬೇಕೇ, ಹೊಲಕ್ಕೆ ಚರಗದ ಎಡೆ ಚೆಲ್ಲಲು ಬಂದವರೆಲ್ಲ ಹೋಗುವ ದಾರಿಯಲ್ಲಿ ಒಂದೊಂದು ಹಿಡಿ ಹಾಕಿ ಹೋಗಿದ್ದರು.

ಮೇಡಂ ದೋಣಿಯಲ್ಲಿ ಮೀಟರು ಅದ್ದಿದರು. ಅಂಕಿ ಏರುತ್ತ ಹೋಯಿತು. ಇನ್ನೊಮ್ಮೆ ತೊಳೆದು ಅದ್ದಿದರು. ಮತ್ತೆ ಅಷ್ಟೇ. ನೀರು ಬೇರೆ ಬಾವಿಗಳಿಗಿಂತ ತುಸು ಬೆಚ್ಚಗೂ ಇತ್ತು. ಅವರ ಮುಖ ಬದಲಾಯಿತು. ಕಾಕಾ, ಈ ನೀರಿಗೆ ಯಾರಾದರೂ ಏನಾದರೂ ಸೇರಿಸುತ್ತಾರಾ, ಬಟ್ಟೆ ಒಗೆಯುವುದು, ಗೊಬ್ಬರ, ಕೊಳೆ, ಏನಾದರೂ, ಎಂದು ಕೇಳಿದರು. ಫಾರಮಿನಲ್ಲಿ ಆ ಕಲಮಿತ್ತು. ನಾನು, ಇಲ್ಲರಿ ಮೇಡಂ, ಈ ನೀರು ಯಾರೂ ಹೊಲಸು ಮಾಡೂದಿಲ್ಲರಿ ಎಂದೆ. ಇಲ್ಲ ಎಂದು ಬರೆದೆ.

ದೇವರಾಣೆಗೂ ಆಗ ಅದು ಸುಳ್ಳಾಗಿರಲಿಲ್ಲ. ಹರಕೆ ಸಲ್ಲಿಸುವುದು ನೀರಿಗೆ ಏನೋ ಸೇರಿಸುವುದು ಎಂದು ನನ್ನ ತಲೆಗೆ ಬರಲೇ ಇಲ್ಲ. ಗುಡಿಯಲ್ಲಿ ಕಾಯಿ ಒಡೆದವನನ್ನು, ಕಲ್ಲಿಗೆ ಪೆಟ್ಟು ಕೊಟ್ಟೆಯಾ ಎಂದು ಕೇಳಿದರೆ ಅವನು ಹೂಂ ಅನ್ನುತ್ತಾನೆಯೇ? ಪಕ್ಕದಲ್ಲೇ ನಿಂತಿದ್ದ ಚಾಂದಬೀಯೂ, ಇದು ಪಾಕ್ ಸಾಫ್ ನೀರು ಬೇಟಿ, ಇಲ್ಲಿ ಯಾರ್ ಏನ್ ಹಾಕ್ತಾರ, ಎಂದಳು. ಅಲ್ಲಿಯತನಕದ್ದು ತಿಳಿಯದೆ ಆದ ತಪ್ಪು. ನಾನು ಹೇಳಬೇಕಾದದ್ದು ಆಮೇಲಿನದು.

ತಿಂಗಳ ಮೇಲೆ ಪ್ರಯೋಗಾಲಯದ ಫಲಿತಾಂಶ ಬಂತು. ಜೇವರ್ಗಿಯ ಒಂದು ಖಾನಾವಳಿಯಲ್ಲಿ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಮೇಡಂ ಫೋನಿನಲ್ಲಿ ನೋಡುತ್ತ, ಇಡೀ ಮೂರು ತಾಲೂಕಿನಲ್ಲಿ ಬೇರೆಯದೇ ಮಾತಾಡುವ ನೀರು ಇದೊಂದೇ ಕಾಕಾ ಎಂದರು. ಸಿಲಿಕಾ ಅನ್ನುವುದು ಕರಿಕಲ್ಲಿನ ನೀರಿನಲ್ಲಿ ಹೇಗೂ ಇರುತ್ತದಂತೆ, ಅದನ್ನು ನಂಬುವ ಹಾಗಿಲ್ಲ. ಆದರೆ ಇಲ್ಲಿ ಕ್ಲೋರೈಡ್ ಇಷ್ಟಿದೆ, ಜೊತೆಗೆ ಸೋಡಿಯಂ ಕೂಡ, ಆಳದಿಂದ ಬಂದ ನೀರಿನ ಹಾಗೆ. ನಾನು ಕ್ಲೋರೈಡ್ ಅಂದರೇನು ಎಂದು ಕೇಳಿದೆ.

"ಅಡುಗೆ ಉಪ್ಪಲ್ಲಿ ಇರೋದೂ ಅದೇ ಎರಡೂ ಕಾಕಾ. ನೀವು ದಿನಾ ತಿನ್ನೋದೇ" ಎಂದು ಅವರು ನಕ್ಕರು.

ರೊಟ್ಟಿ ಮುರಿದ ಕೈ ಅಲ್ಲೇ ನಿಂತಿತು. ಆ ದಿನ ದೋಣಿಯ ತಳದ ಹಾವಸೆಯಲ್ಲಿ ಕಂಡ ಬಿಳಿ ಹರಳುಗಳು ಕಣ್ಣಮುಂದೆ ಬಂದವು. ಮೇಡಂ, ಆ ನೀರಿಗೆ ಜನ ಉಪ್ಪು ಹಾಕ್ತಾರರಿ. ಇಷ್ಟು ಮಾತು. ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವರು, ಇದನ್ನು ಹುಡುಕಿಕೊಟ್ಟದ್ದು ನೀವು, ವರದಿಯಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಎಂದರು. ಮೌಲಾ, ಕಾಕಾಗೆ ಇನ್ನ ಮ್ಯಾಲ ಜೀಪಿನ್ಯಾಗ ಮುಂದಿನ ಸೀಟು ಎಂದ. ನಾನು ತುತ್ತು ನುಂಗಿದೆ. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಮೂವತ್ತು ವರ್ಷ ನನ್ನ ಅಂಕಿಗಳು ಯಾವುದೋ ಕಪಾಟಿನಲ್ಲಿ ಹುಳ ಹಿಡಿದವು, ಒಂದರ ಕೆಳಗೂ ನನ್ನ ಹೆಸರಿರಲಿಲ್ಲ. ಇಷ್ಟು ಸಣ್ಣ ಆಸೆಗೆ ಮನುಷ್ಯ ಬೀಳುತ್ತಾನೆ ಎಂದು ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ.

ಮೌಲಾನ ಬಾಯಿಂದ ಸುದ್ದಿ ಆ ಊರಿಗೂ ಹೋಯಿತು. ಬಿಸಿನೀರು ಬರುತ್ತದೆ, ಕರೆಂಟು ಬರುತ್ತದೆ, ಊರ ಹುಡುಗರಿಗೆ ಕೆಲಸ ಸಿಗುತ್ತದೆ. ಹಾಗೆಂದು ಮೇಡಂ ಯಾರಿಗೂ ಮಾತು ಕೊಟ್ಟಿರಲಿಲ್ಲ. ಜನ ತಾವೇ ಕೊಟ್ಟುಕೊಂಡರು. ನಾನು ಹೋದಾಗ ಕಟ್ಟೆಯ ಮೇಲೆ ಜಾಗ ಬಿಡತೊಡಗಿದರು.

ಮೇಡಂ ಆತುರದವರಲ್ಲ. ಒಂದು ಫಲಿತಾಂಶ ನಂಬಬಾರದು, ಬೇಸಿಗೆ ಹತ್ತುವ ಮೊದಲು ಇನ್ನೊಮ್ಮೆ ತುಂಬೋಣ, ಅದೂ ದೋಣಿಯಿಂದಲ್ಲ, ಕಲ್ಲಿನ ಸಂದಿನ ಬಾಯಿಂದಲೇ ಎಂದರು. ಹೊರಡುವ ದಿನ ಅವರಿಗೆ ಕಲಬುರಗಿಯಲ್ಲಿ ಮೀಟಿಂಗು ಬಿತ್ತು. "ನೀವೊಬ್ಬರೇ ಹೋಗಿಬನ್ನಿ ಕಾಕಾ. ನೀವು ಮಾಡಿದ್ರೆ ನಾನು ಮಾಡಿದ ಹಾಗೇ" ಎಂದು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು.

ಮೌಲಾ ಜೀಪನ್ನು ರಸ್ತೆಯ ಮೇಲೆ ಬೇವಿನ ನೆರಳಿಗೆ ಹಾಕಿ ಮಲಗಿದ. ನಾನು ಇಳಿದು ಬುಗ್ಗೆಗೆ ಹೋಗಿ ಸಂದಿನ ಬಾಯಿಗೆ ಲೋಟ ಹಿಡಿದು ಮೀಟರು ಅದ್ದಿದೆ. ಅಂಕಿ ಅರ್ಧಕ್ಕೂ ಬರಲಿಲ್ಲ. ಒಳ್ಳೆಯ ಸಿಹಿಬಾವಿಯ ಅಂಕಿ. ತೊಳೆದು ಮತ್ತೆ ಅದ್ದಿದೆ. ಅದೇ. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಆ ನೀರನ್ನೇ ತುಂಬಿಕೊಂಡು ಬಂದಿದ್ದರೆ ನನ್ನ ಬಾಯಿ ತೆರೆಯುವ ಕಷ್ಟವೂ ಇರುತ್ತಿರಲಿಲ್ಲ, ನೀರೇ ಹೇಳುತ್ತಿತ್ತು. ಮೇಡಂ ಒಂದು ದಿನ ಬೇಜಾರಾಗುತ್ತಿದ್ದರು, ಮುಂದಿನ ಬಾವಿಗೆ ಹೋಗುತ್ತಿದ್ದರು. ಚಾಂದಬೀಯ ಬುಗ್ಗೆ ಇಂದಿಗೂ ಹರಿಯುತ್ತಿತ್ತು.

ನಾನು ಕಲ್ಲಿನ ಮೇಲೆ ಬಹಳ ಹೊತ್ತು ಕೂತೆ. ಆಮೇಲೆ ಎದ್ದು ಚಾಂದಬೀಯ ಬಾಗಿಲಿಗೆ ಹೋಗಿ ಒಂದು ಹಿಡಿ ಹರಳುಪ್ಪು ಕೇಳಿದೆ.

"ಯಾಕ್ ಭಾಯ್, ಈ ವಯಸ್ಸಿನ್ಯಾಗ ನಿಮಗೂ ನರೂಲಿ ಎದ್ದುವೇನು?" ಎಂದು ನಕ್ಕಳು. ಒಂದು ಹರಕೆ ಅದ ತಂಗಿ ಎಂದೆ. ಅವಳು ಮತ್ತೇನೂ ಕೇಳದೆ ಹರಕೆಗೆ ಕಮ್ಮಿ ಆಗಬಾರದೆಂದು ನನ್ನ ಬೊಗಸೆ ತುಂಬ ಕೊಟ್ಟಳು.

ಆ ಹೊತ್ತು ನಾನು ನನಗೆ ಏನು ಹೇಳಿಕೊಂಡೆ ಎಂಬುದನ್ನೂ ಬರೆಯಬೇಕು. ಇಲ್ಲದಿದ್ದರೆ ಇದು ಪೂರಾ ತಪ್ಪೊಪ್ಪಿಗೆ ಆಗುವುದಿಲ್ಲ. ನಾನು ಮೋಸ ಮಾಡುತ್ತಿಲ್ಲ, ಬೇಡಿಕೊಳ್ಳುತ್ತಿದ್ದೇನೆ ಎಂದು ಹೇಳಿಕೊಂಡೆ. ಎಲ್ಲರೂ ಬೇಡಿಕೊಂಡ ಹಾಗೆಯೇ ನಾನೂ ಊರಿಗೆ ಒಳ್ಳೆಯದಾಗಲಿ, ಈ ನೀರು ಮೇಡಂ ಹೇಳಿದ ನೀರೇ ಆಗಲಿ ಎಂದು ಕೈಮುಗಿದೆ. ಸಂದಿನ ಬಾಯೊಳಗೆ ಕೈ ತೂರಿಸಿ ನೀರು ಹರಿಯುವ ದಾರಿಯಲ್ಲೇ ಉಪ್ಪು ಇಟ್ಟೆ. ಸ್ವಲ್ಪ ಕಾದು ಬಾಟಲಿಯನ್ನು ಮೂರು ಸಲ ತೊಳೆದೆ. ಗುಳ್ಳೆಯಿಲ್ಲದಂತೆ ಕಂಠದವರೆಗೆ ತುಂಬಿದೆ. ಎರಡು ಹನಿ ತೇಜಾಬು ಬಿಡುವಾಗ ಒಂದು ಹನಿ ತೋಳಿನ ಮೇಲೆ ಬಿತ್ತು. ಮೀಟರು ಏನು ತೋರಿಸಿತೋ ಅದನ್ನೇ, ಒಂದು ಅಂಕಿಯೂ ಹೆಚ್ಚುಕಮ್ಮಿಯಿಲ್ಲದೆ, ಪುಸ್ತಕದಲ್ಲಿ ಬರೆದೆ. ಸುಳ್ಳು ಅಂಕಿ ಬರೆಯಲಿಲ್ಲ ಎಂಬ ಸಮಾಧಾನ ಜೀಪು ಹತ್ತುವಾಗ ನಿಜವಾಗಿಯೂ ನನಗಿತ್ತು.

ಎರಡನೆಯ ಫಲಿತಾಂಶ ಹೆಚ್ಚುಕಮ್ಮಿ ಮೊದಲಿನದಕ್ಕೆ ತಾಳೆಯಾಯಿತು. ಒಂದು ತನಿಖೆಯ ಬೋರು ಹೊಡೆಯಬೇಕೆಂದು ನಿರ್ಧಾರವಾಯಿತು. ಒಳಗೆ ಥರ್ಮಾಮೀಟರು ಇಳಿಸಿ, ಆಳಕ್ಕೆ ಹೋದಂತೆ ಶಾಖ ಹೇಗೆ ಏರುತ್ತದೆ ಎಂದು ನೋಡುವ ಬೋರು. ಜಾಗ ಚಾಂದಬೀಯದು, ಅವಳ ಒಪ್ಪಿಗೆ ಬೇಕು. ಮೇಡಂ ಅವಳನ್ನು ಕೂಡಿಸಿಕೊಂಡು, ಬುಗ್ಗೆಗೆ ತೊಂದರೆ ಆಗುವ ಸಂಭವ ಬಹಳ ಕಮ್ಮಿ, ಆದರೆ ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ ಎಂದರು. ಪ್ರಾಮಾಣಿಕ ಮಾತು. ಚಾಂದಬೀಗೆ ಅದು ಬಗೆಹರಿಯಲಿಲ್ಲ. ಅವಳು ನನ್ನ ಕಡೆ ತಿರುಗಿದಳು.

"ಭಾಯ್, ಈ ಹುಡುಗಿ ಮಾತು ನನಗ ತಿಳೀವಲ್ದು. ನೀವು ಹೊಳಿ ನೀರು ಓದಿದವರು. ನೀವ್ ಹೇಳ್ರಿ. ನನ್ನ ಬುಗ್ಗಿಗೆ ಏನೂ ಆಗೂದಿಲ್ಲಲ?"

ಇನ್ನೂ ಹೊತ್ತಿತ್ತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. "ಏನೂ ಆಗೂದಿಲ್ಲ ತಂಗಿ" ಎಂದೆ. ಅವಳು ಕಾಗದ ತೆಗೆದುಕೊಂಡು ಉರ್ದುವಿನಲ್ಲಿ ತನ್ನ ಹೆಸರು ಬರೆದಳು.

ಯುಗಾದಿಯ ಮೇಲೆ, ಬಿಸಿಲು ಕಾದ ಹೆಂಚಿನಂತಾದ ದಿನಗಳಲ್ಲಿ ಬೋರಿನ ಲಾರಿ ಬಂತು. ಮೂರು ದಿನ ಊರಿಗೆ ಊರೇ ಅಲ್ಲಿತ್ತು. ಮೊದಲು ಕರಿಕಲ್ಲಿನ ಹುಡಿ, ಆಮೇಲೆ ಬಿಳಿ ಹುಡಿ ಹಾರಿ ಪುದೀನದ ಮೇಲೆ ಕೂತಿತು. ಚಾಂದಬೀ ಬಂದವರಿಗೆಲ್ಲ ಚಹಾ ಕೊಟ್ಟಳು. ಎರಡನೆಯ ದಿನ ಒಂದು ಆಳಕ್ಕೆ ಹೋದಾಗ ಕೊರೆಯುವ ಸಲಾಕೆ ಒಮ್ಮೆ ತಟ್ಟನೆ ಒಳಗೆ ಕುಸಿಯಿತು. ಪೊಳ್ಳು ಸಿಕ್ಕಿತು ಎಂದರು ಬೋರಿನವರು. ಹಾಸುಗಲ್ಲಿನಲ್ಲಿ ಇಂಥ ಸೀಳುಗಳಿರುತ್ತವಂತೆ. ಮುಂದೆ ಕೊರೆದರು. ಥರ್ಮಾಮೀಟರು ಇಳಿಸಿದರು, ಎತ್ತಿದರು, ಮತ್ತೆ ಇಳಿಸಿದರು. ಮೇಡಂ ಒಂದು ಹಾಳೆಯ ಮೇಲೆ ಗೆರೆ ಎಳೆಯುತ್ತ ಹೋದರು. ಆ ಗೆರೆ ಎಲ್ಲಿಯೂ ಏರಲಿಲ್ಲ. ನೆಲದೊಳಗೆ ಎಲ್ಲ ಕಡೆ ಇರುವಷ್ಟೇ ಶಾಖ. ಒಂದು ಕೂದಲೆಳೆ ಹೆಚ್ಚಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಚಾಂದಬೀ, ಬುಗ್ಗೆ ಸಣ್ಣಾಗೇದ ಎಂದಳು. ಬ್ಯಾಸಿಗಿ ಅಲ್ಲೇನು ಎಂದು ಯಾರೋ ಸಮಾಧಾನ ಹೇಳಿದರು. ಯಾವ ಬೇಸಿಗೆಯಲ್ಲೂ ಅದು ಸಣ್ಣಾಗಿದ್ದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹೆಬ್ಬೆರಳಿನ ನೀರು ಕಿರುಬೆರಳಾಯಿತು, ದಾರವಾಯಿತು. ಮೇಡಂ ಲಾರಿಯವರನ್ನು ನಿಲ್ಲಿಸಿ, ಊಟ ಬಿಟ್ಟು, ಬೋರಿನೊಳಗೆ ಸಿಮೆಂಟು ಇಳಿಸಿ ಮುಚ್ಚಿಸಿದರು. ಆದರೆ ನೀರಿಗೆ ಕೆಳಗೆ ಬೇರೆ ದಾರಿ ಸಿಕ್ಕಾಗಿತ್ತು. ನದಿಯಾದರೆ ಕಣ್ಣಿಗೆ ಕಾಣುತ್ತದೆ, ಕಟ್ಟೆ ಹಾಕಬಹುದು. ಇದನ್ನು ಎಲ್ಲಿ ಹಿಡಿಯುವುದು, ಯಾವ ಕಡೆಯಿಂದ ಕರೆಯುವುದು? ನಾವು ಹತ್ತಿಪ್ಪತ್ತು ಜನ ಆ ಸಂದಿನ ಮುಂದೆ ನಿಂತು ನೋಡುತ್ತಿದ್ದೆವು. ಸಾಯುವ ಮನುಷ್ಯನ ಹಾಸಿಗೆಯ ಸುತ್ತ ನಿಂತ ಹಾಗೆ. ಚಾಂದಬೀ ಒಂದು ಹಿತ್ತಾಳೆ ತಂಬಿಗೆ ಹಿಡಿದು ಕೂತಿದ್ದಳು. ಒಂಬತ್ತನೆಯ ದಿನಕ್ಕೆ ಹನಿಯೂ ನಿಂತಿತು.

ಆ ದಿನವೂ ನಾನು ಹೇಳಲಿಲ್ಲ. ಹೇಳಿದರೆ ಇನ್ನು ಏನು ಉಪಯೋಗ ಎಂದು ನನಗೆ ನಾನೇ ಕೇಳಿಕೊಂಡೆ. ಮೊದಲು ಹೇಳದೆ ಇರಲಿಕ್ಕೆ ಒಂದು ಕಾರಣ, ಆಮೇಲೆ ಹೇಳದೆ ಇರಲಿಕ್ಕೆ ಇನ್ನೊಂದು. ಮೇಡಂ ಹೊರಡುವಾಗ ಚಾಂದಬೀಯ ಕೈ ಹಿಡಿದು, ನನ್ನ ಲೆಕ್ಕ ತಪ್ಪಿತು ಅಮ್ಮಾ ಎಂದು ಅತ್ತರು. ನಾನು ಪೆಟ್ಟಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನೀರಿನ ಪೈಪಿಗಾಗಿ ಅವರು ಯಾವಯಾವುದೋ ಆಫೀಸಿಗೆ ಬರೆದರು. ಒಂದು ವರ್ಷದ ಮೇಲೆ ಒಂದು ಪ್ಲಾಸ್ಟಿಕ್ ಟಾಕಿ ಬಂತು. ಅದರ ನೀರು ಕುಡಿಯಲಿಕ್ಕಷ್ಟೇ ಆಗುತ್ತದೆ, ಹೊಲಕ್ಕಲ್ಲ. ಮೊದಲು ಪುದೀನ ಹೋಯಿತು. ಆಮೇಲೆ ಉಳಿದದ್ದು.

ಇದಾಗಿ ಐದು ವರ್ಷ. ಸಂತೆಯಲ್ಲಿ ಚಾಂದಬೀ ಬೇರೆಯವರಿಂದ ಕೊಂಡ ಸೊಪ್ಪು ಹರಡಿಕೊಂಡು ಕೂತಿದ್ದನ್ನು ನೋಡಿ ನಾನು ಎಷ್ಟೋ ಸಲ ಇನ್ನೊಂದು ಸಾಲಿನಿಂದ ದಾಟಿ ಹೋಗಿದ್ದೇನೆ.

ಆಳಂದದಿಂದ ಬಂದ ಮರುದಿನ ಮೌಲಾನಿಂದ ಮೇಡಂ ನಂಬರು ತೆಗೆದುಕೊಂಡೆ. ಈಗ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾರಂತೆ. ಎಲ್ಲ ಹೇಳಿದೆ. ಮುಗಿದ ಮೇಲೆ, ಉಪ್ಪು ಎಷ್ಟಿತ್ತು, ಸಂದಿನ ಒಳಗೆ ಎಷ್ಟು ದೂರ ಇಟ್ಟಿರಿ, ಎಷ್ಟು ಹೊತ್ತು ಕಾದಿರಿ ಎಂದು ಕೇಳಿದರು. ಬರೆದುಕೊಳ್ಳುತ್ತಿದ್ದಾರೆಂದು ಗೊತ್ತಾಯಿತು. ನಾನು ಉತ್ತರ ಕೊಟ್ಟೆ. ಆಮೇಲೆ, "ಐದು ವರ್ಷದಿಂದ ನಾನು ಆ ಎರಡು ಫಲಿತಾಂಶಗಳನ್ನ ತಿರುಗಿಸಿ ತಿರುಗಿಸಿ ನೋಡ್ತಿದ್ದೆ. ಫೋನ್ ಇಡ್ತೀನಿ" ಎಂದರು. ಬೈಯಲಿಲ್ಲ, ಕಾಕಾ ಎಂದೂ ಅನ್ನಲಿಲ್ಲ.

ಮೇಡಂಗೆ ನನ್ನ ತಪ್ಪು ಸರಿಯಾಗಿ ತಿಳಿಯುತ್ತದೆ, ಆದರೆ ನೀರು ಕಳೆದುಕೊಂಡವರು ಅವರಲ್ಲ. ಕಳೆದುಕೊಂಡವಳಿಗೆ ಹೇಳದೆ ಇದು ಮುಗಿಯುವುದಿಲ್ಲ ಎಂದು ಮುಂದಿನ ವಾರ ಬಸ್ಸು ಹತ್ತಿದೆ.

ಚಾಂದಬೀ ನನ್ನನ್ನು ನೋಡಿ ಖುಷಿಪಟ್ಟಳು. ಹಾದಿ ತಪ್ಪಿ ಬಂದ್ರೇನು ಭಾಯ್ ಎಂದು ಚುಚ್ಚಿದಳು. ಚಾಪೆ ಹಾಸಿ ಚಹಾ ಇಟ್ಟಳು. ಮಗಳ ಮದುವೆಯಾಗಿತ್ತು, ಗಂಡ ಇನ್ನೂ ಪುಣೆಯಲ್ಲೇ. ನಾನು ಚಹಾ ಮುಟ್ಟದೆ ಹೇಳತೊಡಗಿದೆ. ಕ್ಲೋರೈಡ್ ಅನ್ನುವ ಮಾತು ಎತ್ತದೆ, ಉಪ್ಪು, ಬಾಟಲಿ, ಮೀಟರು, ಬೋರು ಎಂದು ಒಂದರ ಹಿಂದೆ ಒಂದು ಬಿಡಿಸಿ ಹೇಳಿದೆ. ಅವಳು ಸೆರಗಿನ ತುದಿ ಸುತ್ತುತ್ತ ಕೇಳಿದಳು.

"ಉಪ್ಪು ಎಲ್ಲಾರೂ ಹಾಕ್ತಾರ. ನಾನೇ ಕೊಟ್ಟೇನಿ. ಅದರಾಗ ಗುನ್ಹೆ ಏನದ ಭಾಯ್?" ಎಂದಳು.

ಅದೇ ಗುನ್ಹೆ ತಂಗಿ ಎಂದು ಮತ್ತೆ ಮೊದಲಿಂದ ಹೇಳಿದೆ. ಅವಳು ತಲೆಯಾಡಿಸಿದಳು. ನೀವು ಬೇಡಿಕೊಂಡ್ರಿ, ಆಗಲಿಲ್ಲ. ನಾನೂ ಬೇಡಿಕೊಂಡೆ, ಆಗಲಿಲ್ಲ. ಮಾಲಿಕನ ಮರ್ಜಿ, ಎಂದಳು. ನನ್ನ ಕೈಗೆ ಚಹಾದ ಕಪ್ಪು ಕೊಟ್ಟಳು. ಬೈಸಿಕೊಳ್ಳಲು ಬಂದವನಿಗೆ ಚಹಾ ಸಿಕ್ಕಿತು. ಅದನ್ನು ಕುಡಿಯುವುದೂ ಕಷ್ಟ, ಬಿಡುವುದೂ ಕಷ್ಟ.

ಕುಡಿದಾದ ಮೇಲೆ ಅವಳು ಎದ್ದು, ಬರ್ರಿ, ತೋರಸ್ತೇನಿ ಎಂದು ಬುಗ್ಗೆಯ ಕಡೆ ಕರೆದೊಯ್ದಳು. ದೋಣಿಯಲ್ಲಿ ಒಂದು ಒಣ ಎಲೆಯೂ ಇರಲಿಲ್ಲ. ಹಾವಸೆ ಕೆರೆದು, ಬಟ್ಟೆಯಿಂದ ಒರೆಸಿದ ಕಲ್ಲು. ಸಂದಿನ ಬಾಯಿಗೆ ಅಡ್ಡ ಬೆಳೆದ ಹುಲ್ಲನ್ನು ಕಿತ್ತು ಹಸನು ಮಾಡಿದ್ದಳು. ಕೆಳಗಿನ ಹೊಲದಲ್ಲಿ ಮಡಿಗಳ ಒಡ್ಡುಗಳು ಇನ್ನೂ ಹಾಗೆಯೇ ಇದ್ದವು, ಒಳಗೆ ಏನೂ ಇಲ್ಲದೆ. ಪ್ರತಿ ಶುಕ್ರವಾರ ತಾನು ಇದನ್ನು ತೊಳೆಯುತ್ತೇನೆ, ಟಾಕಿಯಿಂದ ಒಂದು ಕೊಡ ನೀರು ತಂದು ತೊಳೆಯುತ್ತೇನೆ ಎಂದಳು. ನೀರು ಬಂದ ದಿನ ದೋಣಿ ಹೊಲಸಿರಬಾರದಲ್ಲ.

ಅವಳು ಸಂದಿನೊಳಗೆ ಕೈ ಇಟ್ಟು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಳಿ ಛಲೋ ಆದ್ರ ಬರತದ ಅಂತಾರ ಕೆಲವ್ರು. ಅವ್ರಿಗೇನ್ ತಿಳಿತದ? ನೀವ್ ಹೇಳ್ರಿ ಭಾಯ್. ಬರತದಲ್ಲ?"

ನನ್ನ ಬಾಯಿ ನೋಡುತ್ತ ನಿಂತಿದ್ದಳು. ಅವಳ ಕಣ್ಣಿನಲ್ಲಿ ಅನುಮಾನವೇ ಇರಲಿಲ್ಲ. ಇನ್ನೊಂದು ಸುಳ್ಳು ಹೇಳಲು ನಾನು ಐದು ವರ್ಷದ ಮೇಲೆ ಬಂದಿಲ್ಲ ಎಂದುಕೊಂಡೆ. ಈ ಸಲವಾದರೂ ಕಂಡದ್ದನ್ನು ಕಂಡ ಹಾಗೆ ಹೇಳಬೇಕು ಎಂದುಕೊಂಡೆ.

"ಇಲ್ಲ ತಂಗಿ. ಬರೂದಿಲ್ಲ" ಎಂದೆ. ಕೆಳಗೆ ದಾರಿ ಬದಲಾಗಿದೆ, ಎಷ್ಟು ಮಳೆಯಾದರೂ ಇನ್ನು ಈ ಬಾಯಿಗೆ ಬರುವುದಿಲ್ಲ ಎಂದೆ.

ಅವಳು ಕೈಯನ್ನು ಸಂದಿನಿಂದ ನಿಧಾನವಾಗಿ ಹೊರಗೆ ತೆಗೆದಳು. ಸೆರಗಿಗೆ ಒರೆಸಿಕೊಂಡಳು, ಒದ್ದೆಯಾಗಿದ್ದ ಹಾಗೆ. ಮನೆಯಲ್ಲಿ ನಾನು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗಿತ್ತು, ಒಂದೊಂದೂ ಅರ್ಥವಾಗಿತ್ತು ಎಂದು ನನಗೆ ಆಗ ಗೊತ್ತಾಯಿತು.

"ಅಷ್ಟು ಸುಳ್ಳು ಹೇಳಿದ್ರಿ" ಎಂದಳು. ದನಿ ಏರಿಸಲಿಲ್ಲ. "ಇದೊಂದು ಹೇಳಾಕ ಆಗಲಿಲ್ಲೇನು ನಿಮಗ?"

ನಾನು ನಿಂತೇ ಇದ್ದೆ. ಹೋಗ್ರಿ ಎಂದಳು. ಮತ್ತೆ, ಹೋಗ್ರಿ ಭಾಯ್, ಬಸ್ಸು ಬರೂ ಹೊತ್ತಾತು, ಎಂದಳು. ನಾನು ರಸ್ತೆಯ ಕಡೆ ಹತ್ತಿದೆ. ಅವಳು ದೋಣಿಯ ಅಂಚಿನ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದಳು. ಬಸ್ಸು ಬರುವವರೆಗೂ ಏಳಲಿಲ್ಲ.